ಚೆನ್ನಾಗಿದ್ದುದನ್ನೇ ಕತ್ತರಿಸಿದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಕಸುಬಿನವರು ಯಾರಾದರೂ ಓದಿ, "ಓಹೋ, ಎಂಜಿನ್ನಿನ ಹೆಡ್ಡು ಬಿರುಕು ಬಿಟ್ಟಿತ್ತಲ್ಲ, ಆ ಮೇಡಂ ತಾನೆ?" ಎನ್ನುತ್ತಾರೆ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೋದ ತಿಂಗಳು ಅವರು ತೀರಿಕೊಂಡರು. ಹೃದಯಾಘಾತ. ಬೆಳಿಗ್ಗೆ ಚಹಾ ಮಾಡಲು ಎದ್ದವರು ಅಡುಗೆಮನೆಯಲ್ಲೇ ಕುಸಿದರಂತೆ. ಸುದ್ದಿ ಬಂದಾಗ ನಾನು ಯಶವಂತಪುರದ ನಮ್ಮ ಮನೆಯ ಎದುರಿನ ಅಂಗಡಿಯಲ್ಲಿ ಮೊಸರು ತೆಗೆದುಕೊಳ್ಳುತ್ತಿದ್ದೆ. ಮೊಸರನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಕೂತೆ. ಏನಾಯಿತು ಎಂದು ಹೆಂಡತಿ ಕೇಳಿದರೆ, "ನಮ್ಮ ಓನರಮ್ಮ ಹೋದ್ರು" ಎಂದುಬಿಟ್ಟೆ. ನಮ್ಮದು ಸ್ವಂತ ಮನೆ. ಪಾಪ, ಅವಳಿಗೆ ತಲೆಬುಡ ತಿಳಿಯಲಿಲ್ಲ.

ಓನರಮ್ಮ ಎನ್ನುವುದು ನಮ್ಮ ಆಫೀಸಿನ ತಮಾಷೆ. ನಾವಿಬ್ಬರೂ ಯಲಹಂಕದ ಕಡೆ ಒಂದು ಎಂಜಿನ್ ಡಿಸೈನ್ ಆಫೀಸಿನಲ್ಲಿ ವರ್ಷಗಟ್ಟಲೆ ಎದುರುಬದುರು ಕೂತವರು. ಕಾರಿನ ಎಂಜಿನ್ನಿನ ಮೇಲ್ಭಾಗಕ್ಕೆ ಸಿಲಿಂಡರ್ ಹೆಡ್ ಎನ್ನುತ್ತಾರೆ; ಗ್ಯಾರೇಜಿನವರ ಬಾಯಲ್ಲಿ ಬರೀ ಹೆಡ್ಡು. ಗಾಳಿ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ, ಇವುಗಳ ಸುತ್ತ ನೀರು ಹರಿದು ತಂಪು ಮಾಡುವ ದಾರಿ, ಎಲ್ಲವೂ ಅದೊಂದೇ ಅಲ್ಯೂಮಿನಿಯಂ ಎರಕದೊಳಗೆ ಇರಬೇಕು. ಆ ಎರಕ ಅವರ ಪಾಲಿನದು. ಅದರೊಳಗೆ ಕೂತು ಆ ದಾರಿಗಳ ಬಾಗಿಲು ತೆಗೆದು ಮುಚ್ಚುವ ವಾಲ್ವುಗಳು, ಅವನ್ನು ಒತ್ತುವ ಕ್ಯಾಮ್‌ಶಾಫ್ಟು, ವಾಪಸು ತಳ್ಳುವ ಸ್ಪ್ರಿಂಗು ನನ್ನ ಪಾಲಿನವು. "ಮನೆ ನಂದು, ಬಾಡಿಗೆಗೆ ಇರೋರು ನೀವು. ನೆಟ್ಟಗೆ ಇರಿ" ಎನ್ನುತ್ತಿದ್ದರು. ಓನರೂ ಬಾಡಿಗೆಯವರೂ ಜಗಳವಾಡದ ಮನೆ ಬೆಂಗಳೂರಿನಲ್ಲಿ ಎಲ್ಲಾದರೂ ಉಂಟೆ?

ನಮ್ಮ ಜಗಳ ಜಾಗಕ್ಕೆ. ಎಂಜಿನ್ ಗಾಳಿ ಚೆನ್ನಾಗಿ ಎಳೆಯಲಿ ಎಂದು ನನಗೆ ದೊಡ್ಡ ವಾಲ್ವ್ ಬೇಕು. ವಾಲ್ವ್ ದೊಡ್ಡದಾದರೆ ಎರಡು ವಾಲ್ವುಗಳ ನಡುವೆ ಉಳಿಯುವ ಲೋಹದ ಪಟ್ಟಿ ಕಿರಿದಾಗುತ್ತದೆ. ಹೊಗೆ ಹೋಗುವ ಕಡೆಯ ಆ ಪಟ್ಟಿಯೇ ಇಡೀ ಹೆಡ್ಡಿನಲ್ಲಿ ಹೆಚ್ಚು ಕಾಯುವ ಜಾಗ. ನೀರು ಅದರ ಹತ್ತಿರಕ್ಕೆ ಹೋಗದಿದ್ದರೆ ಒಂದಲ್ಲ ಒಂದು ದಿನ ಅಲ್ಲಿ ಬಿರುಕು ಬಿಡುವುದೇ.

"ಮೇಡಂ, ಅರ್ಧ ಮಿಲಿಮೀಟರ್ ಬಿಟ್ಕೊಡಿ."

"ಆಗಲ್ಲ ಕಣ್ರೀ."

"ಕಾಲಾದ್ರೂ ಕೊಡಿ."

"ಅರೇ, ಇದೇನು ನಿಮ್ಮ ಯಶವಂತಪುರದ ಈರುಳ್ಳಿ ಮಂಡಿ ಅಂದ್ಕೊಂಡ್ರಾ? ಹೋಗಿ, ಕೆಲಸ ನೋಡಿ."

ಹೀಗೆ ಓಡಿಸಿದವರು ಊಟವಾದ ಮೇಲೆ ತಾವೇ ನನ್ನ ಮೇಜಿನ ಹತ್ತಿರ ಬರುತ್ತಿದ್ದರು. "ತಗೊಳ್ಳಿ, ಕಾಲು ಕೊಟ್ಟಿದೀನಿ. ನೀರಿನ ದಾರೀನ ಸ್ವಲ್ಪ ಬಗ್ಗಿಸ್ದೆ. ಇನ್ನು ಗೋಳು ಹುಯ್ಕೊಳ್ದೆ ನಿಮ್ಮ ಕ್ಯಾಮ್ ಬರೀರಿ." ಆ ಕಾಲು ಮಿಲಿಮೀಟರಿಗಾಗಿ ಅವರು ಮಧ್ಯಾಹ್ನದ ಊಟವನ್ನೇ ಬಿಟ್ಟಿರುತ್ತಿದ್ದರು ಎಂದು ಪಕ್ಕದವರು ಹೇಳಿ ಗೊತ್ತಾಗುತ್ತಿತ್ತು.

ಅವರು ಆರ್.ಟಿ. ನಗರದವರು. ಮನೆಯಲ್ಲಿ ದಖನಿ ಉರ್ದು, ಹೊರಗೆ ನಮ್ಮೆಲ್ಲರಿಗಿಂತ ಜೋರಾದ ಬೆಂಗಳೂರು ಕನ್ನಡ. ಕೆಲಸಕ್ಕೆ ಕೂರುವ ಮೊದಲು ಬಳೆ ತೆಗೆದು ಪೆನ್ನಿನ ಲೋಟಕ್ಕೆ ಹಾಕುವುದು ಅವರ ಅಭ್ಯಾಸ. ಆ ಲೋಟದ ಸದ್ದು ಕೇಳಿದರೆ ಆಫೀಸು ಶುರುವಾಯಿತೆಂದು ಅರ್ಥ. ಎರಕದ ಕಾರ್ಖಾನೆಯಿಂದ ಹೊಸ ಹೆಡ್ಡು ಬಂದಾಗ ಮಾತ್ರ ಅವರು ಅಳತೆಗೆ ಆತುರಪಡುತ್ತಿರಲಿಲ್ಲ. ಮೊದಲು ಹೊಗೆಯ ದಾರಿಯೊಳಗೆ ಬೆರಳು ತೂರಿಸಿ ಕಣ್ಣು ಮುಚ್ಚಿಕೊಂಡು ಒಳಗೋಡೆಯನ್ನು ಸವರುತ್ತಿದ್ದರು. ಅದಕ್ಕಾಗಿಯೇ ಉಗುರು ಬೆಳೆಸುತ್ತಿರಲಿಲ್ಲ. ಮಗಳ ಮದುವೆಗೆ ಎಲ್ಲ ಹೆಂಗಸರೂ ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದರೆ ಇವರ ಬೆರಳುಗಳು ಬೋಳು. ಮದುಮಗಳೇ ನನಗೆ ದೂರು ಹೇಳಿದ್ದಳು.

ಹೊರಗಿನವರಿಗೆ ಒಂದು ಸಂಗತಿ ಹೇಳಬೇಕು. ಹೆಡ್ಡಿನ ಒಳಗಿನ ಟೊಳ್ಳುಗಳನ್ನು ಕೊರೆದು ಮಾಡುವುದಲ್ಲ. ಆ ಟೊಳ್ಳಿನ ಆಕಾರವನ್ನು ಮರಳಿನಲ್ಲಿ ಗಟ್ಟಿಯಾಗಿ ಮಾಡಿ ಅಚ್ಚಿನೊಳಗೆ ಇಡುತ್ತಾರೆ. ಸುತ್ತ ಲೋಹ ಸುರಿದು, ಆರಿದ ಮೇಲೆ ಮರಳನ್ನು ಅಲುಗಿಸಿ ಹೊರಗೆ ತೆಗೆಯುತ್ತಾರೆ. ಲೋಹ ಸುರಿಯುವಾಗ ಮರಳಿನ ಆಕಾರ ಒಂದಿಷ್ಟು ಸರಿದರೂ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ತೆಳು. ಹೊರಗಿನಿಂದ ಏನೂ ಗೊತ್ತಾಗದು. ಆದ್ದರಿಂದ ಹೊಸ ಹೆಡ್ಡು ಬಂದಾಗ ಒಂದನ್ನು ಗರಗಸಕ್ಕೆ ಕೊಟ್ಟು ಬ್ರೆಡ್ಡಿನ ಹಾಗೆ ಹೋಳು ಮಾಡಿ ಒಳಗೋಡೆ ಅಳೆಯುವುದು ನಮ್ಮ ಕಸುಬಿನ ಪದ್ಧತಿ. ಎಲ್ಲ ಆಫೀಸುಗಳಲ್ಲೂ ಕತ್ತರಿಸಲು ಕೊಡುವುದು ಹೇಗೂ ಕೆಲಸಕ್ಕೆ ಬಾರದ, ಎಲ್ಲೋ ಮುಕ್ಕಾದ, ತೂತು ಬಿದ್ದ ಹೆಡ್ಡನ್ನು. ಇವರು ಮಾತ್ರ ಬಂದವುಗಳಲ್ಲಿ ಅತ್ಯಂತ ಚೆನ್ನಾಗಿ ಕಾಣುವುದನ್ನು ಆರಿಸುತ್ತಿದ್ದರು.

ಒಂದು ಸಲ ಆಯುಧಪೂಜೆಗೆ ಎರಕದ ಕಾರ್ಖಾನೆಯ ಯಜಮಾನರು ತಾವೇ ಹೊಸ ಹೆಡ್ಡುಗಳನ್ನು ತಂದರು. ಅದರಲ್ಲಿ ಒಂದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ಪೂಜೆಯ ಮೇಜಿನ ನಡುವೆ ಇಟ್ಟು ಸೇವಂತಿಗೆ ಹಾರ ಹಾಕಿ, ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದೆವು. ಮೇಡಂ ಎಲ್ಲರ ಜೊತೆ ನಿಂತು ಕಡಲೆಪುರಿ ತಿಂದರು. ರಜೆ ಮುಗಿಸಿ ಬಂದ ದಿನ ಯಜಮಾನರು ಲೆಕ್ಕಕ್ಕೆಂದು ಆಫೀಸಿಗೆ ಬಂದಾಗ ಇವರು ಆ ಹಾರವನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟು, ಹೆಡ್ಡಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯುತ್ತಿದ್ದರು.

"ಅಯ್ಯೋ, ಪೂಜೆ ಮಾಡಿದ್ದನ್ನ ಕತ್ತರಿಸ್ತೀರಾ ಮೇಡಂ?" ಯಜಮಾನರ ಮುಖ ಕೆಂಪಾಯಿತು.

"ಪೂಜೆ ಆಯ್ತಲ್ಲ ಸಾರ್. ಈಗ ಪರೀಕ್ಷೆ."

"ಅಲ್ಲಿ ಮೂಲೇಲಿ ಮುಕ್ಕಾದದ್ದು ಬಿದ್ದಿದೆ. ಅದನ್ನ ಕತ್ತರಿಸಿ, ಬೇಡ ಅಂದೋರು ಯಾರು?"

"ಮುಕ್ಕಾದದ್ದು ಕೆಟ್ಟಿದೆ ಅಂತ ನನಗೆ ಗೊತ್ತಲ್ಲ. ಗೊತ್ತಿಲ್ದೆ ಇರೋದು ಇದರ ವಿಚಾರ. ಸಾರ್, ಬಕ್ರೀದ್‌ಗೆ ನಮ್ಮಲ್ಲಿ ಕುಂಟ ಕುರಿ ನಡೆಯಲ್ಲ. ಇರೋದ್ರಲ್ಲಿ ಒಳ್ಳೇದೇ ಕೊಡ್ಬೇಕು."

ಯಜಮಾನರು ಸ್ವಲ್ಪ ಹೊತ್ತು ಗುರಾಯಿಸಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು. "ಬಿಡಿ ಮೇಡಂ, ನಮ್ಮೂರಲ್ಲೂ ಮಾರಮ್ಮನ ಕುರೀಗೆ ಹಾರ ಹಾಕೇ ಕಡಿಯೋದು" ಎಂದರು. ಆ ಹೊಳೆಯುವ ಹೆಡ್ಡಿನೊಳಗೆ ಒಂದು ಕಡೆ ಗೋಡೆ ಕಾಗದದಷ್ಟು ತೆಳ್ಳಗಿತ್ತು. ಯಜಮಾನರು ಆ ಹೋಳನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಮುಂದೆ ಅವರ ಕಾರ್ಖಾನೆಯಲ್ಲೂ ಚೆನ್ನಾಗಿರುವುದನ್ನೇ ಕತ್ತರಿಸುವ ಪದ್ಧತಿ ಬಂತು ಎಂದು ಕೇಳಿದ್ದೇನೆ.

ಆಫೀಸಿನ ವ್ಯಾನು ನನ್ನನ್ನು ಯಶವಂತಪುರದಲ್ಲಿ ಹತ್ತಿಸಿಕೊಂಡು, ಅವರನ್ನು ಆರ್.ಟಿ. ನಗರದಲ್ಲಿ ಹತ್ತಿಸಿಕೊಂಡು, ಹೆಬ್ಬಾಳದ ಮೇಲೆ ಹಾದು ಯಲಹಂಕಕ್ಕೆ ಹೋಗಬೇಕು. ಹೆಬ್ಬಾಳ ಎಂದಮೇಲೆ ಹಾದು ಹೋಗುವುದೆಲ್ಲಿ ಬಂತು, ನಿಲ್ಲುವುದೇ. ಎಲ್ಲರೂ ಮೊಬೈಲು ನೋಡುತ್ತಿದ್ದರೆ ಮೇಡಂ ಕಿಟಕಿ ತೆಗೆದು ಪಕ್ಕದ ಕಾರುಗಳ ಸದ್ದು ಕೇಳುತ್ತ ಕೂರುತ್ತಿದ್ದರು. "ಇದರ ವಾಲ್ವ್ ಸಂದು ಜಾಸ್ತಿ ಆಗಿದೆ, ಪಾಪ, ಸರ್ವೀಸ್ ಮಾಡ್ಸಿಲ್ಲ" ಎಂದು ಮರುಗುವರು. ಒಂದು ದಿನ ಹಾಗೆ ನಿಂತಿದ್ದಾಗ ನನಗೆ ಹೇಳಿದರು:

"ಇಷ್ಟು ವರ್ಷ ಬೇರೆಯವರು ಬರೆದ ಹೆಡ್‌ನ ರಿಪೇರಿ ಮಾಡಿದ್ದೇ ಆಯ್ತು. ಒಂದು, ಒಂದೇ ಒಂದು, ಪೂರ್ತಿ ನಂದು ಅನ್ನೋದು ರೋಡಿಗೆ ಬರ್ಬೇಕು ಕಣ್ರೀ. ಇಲ್ಲೇ ಜಾಮ್‌ನಲ್ಲಿ ನಿಂತಿರುವಾಗ ಪಕ್ಕದ ಕಾರೊಳಗೆ ನನ್ನ ಹೆಡ್ ಇರ್ಬೇಕು. ಕಾರಿನವರಿಗೆ ಗೊತ್ತಾಗೋದೇ ಬೇಡ. ನನಗೆ ಗೊತ್ತಿದ್ರೆ ಸಾಕು."

ನಾನು, "ನನ್ನ ವಾಲ್ವೂ ಇರುತ್ತಲ್ಲ" ಎಂದೆ. "ಇರ್ಲಿ ಬಿಡಿ, ಬಾಡಿಗೆಯವರನ್ನ ಓಡಿಸೋಕಾಗುತ್ತಾ?" ಎಂದರು.

ಆ ಅವಕಾಶ ಬಂದಾಗ ತಡವಾಗಿತ್ತು. ಎಲ್ಲ ಕಡೆ ಬ್ಯಾಟರಿ ಕಾರಿನ ಮಾತು ಶುರುವಾಗಿತ್ತು. ನಮಗೆ ಕೆಲಸ ಕೊಡುತ್ತಿದ್ದ ಕಾರು ಕಂಪನಿ ಕೊನೆಯದಾಗಿ ಒಂದು ಪೆಟ್ರೋಲ್ ಎಂಜಿನ್ ಮಾಡಿಸೋಣ ಎಂದಿತು. ಅದರ ಹೆಡ್ಡು ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಮೇಡಂ ಬರೆದದ್ದು. ಆ ಎರಡು ವಾಲ್ವುಗಳ ನಡುವಿನ ಪಟ್ಟಿಯೊಳಗೂ ನೀರು ಹಾಯಿಸಿದ್ದರು. ಅಷ್ಟು ಸಣ್ಣ ದಾರಿಯನ್ನು ಎರಕದಲ್ಲಿ ತರುವುದು ಸಾಧ್ಯವೇ ಇಲ್ಲ ಎಂದು ಹೇಳಿದವರಲ್ಲಿ ನಾನೂ ಒಬ್ಬ. ಎರಕವೂ ಬಂತು, ಎಂಜಿನ್ನೂ ಓಡಿತು. ಉಳಿದದ್ದು ಒಂದೇ ಪರೀಕ್ಷೆ: ಎಂಜಿನ್ನನ್ನು ಟೆಸ್ಟ್ ಬೆಡ್ ಎನ್ನುವ ಪರೀಕ್ಷೆಯ ಮಂಚಕ್ಕೆ ಕಟ್ಟಿ ವಾರಗಟ್ಟಲೆ ಬಿಡದೆ ಓಡಿಸುವುದು. ಅದು ಗಡುವಿನೊಳಗೆ ಮುಗಿದರೆ ಎಂಜಿನ್ ಕಾರಿಗೆ ಹೋಗುತ್ತದೆ. ಮುಗಿಯದಿದ್ದರೆ ಕಂಪನಿ ಪೆಟ್ರೋಲಿನ ಸಹವಾಸವೇ ಬೇಡವೆಂದು ಬ್ಯಾಟರಿಗೆ ಹೋಗುತ್ತದೆ, ನಮ್ಮ ಗುಂಪು ಮುಚ್ಚುತ್ತದೆ. ಇದು ಎಲ್ಲರಿಗೂ ತಿಳಿದಿತ್ತು.

ಪರೀಕ್ಷೆ ಇನ್ನೇನು ಮುಗಿಯಿತು ಎನ್ನುವಾಗ ತಂಪು ನೀರು ಕಡಿಮೆಯಾಗತೊಡಗಿತು. ತೀರ ಸ್ವಲ್ಪ. ದಿನಕ್ಕೊಂದು ಚಹಾ ಲೋಟದಷ್ಟೂ ಇಲ್ಲ. ಆದರೆ ದಿನಾ ಕಡಿಮೆಯಾಗುತ್ತಿತ್ತು. ಎಂಜಿನ್ನಿಗೆ ನೀರು ತಲುಪಿಸುವ ಪರೀಕ್ಷೆ ಮಂಚದ ಕೊಳವೆಗಳಲ್ಲಿ ಎಲ್ಲೋ ಸೋರುತ್ತಿರಬಹುದು. ಇಲ್ಲವೇ ಹೆಡ್ಡಿನೊಳಗೆ ಕೂದಲೆಳೆಯಂಥ ಬಿರುಕು ಬಿದ್ದು, ಕಾದಾಗ ಮಾತ್ರ ಬಾಯಿ ತೆರೆದು ನೀರು ಕುಡಿಯುತ್ತಿರಬಹುದು. ಕೊಳವೆಗಳನ್ನು ಪರೀಕ್ಷಿಸಿದೆವು, ಸೋರಲಿಲ್ಲ. ಹೆಡ್ಡನ್ನು ಬಿಚ್ಚಿ ಗಾಳಿ ತುಂಬಿ ನೀರಲ್ಲಿ ಮುಳುಗಿಸಿದೆವು, ಗುಳ್ಳೆ ಬರಲಿಲ್ಲ. ಸ್ಕ್ಯಾನ್ ಮಾಡಿಸಿದೆವು, ಏನೂ ಕಾಣಲಿಲ್ಲ. ಅಷ್ಟು ಸಣ್ಣ ಬಿರುಕಾದರೆ ಕಾಣದೆಯೂ ಇರಬಹುದು ಎಂದು ಸ್ಕ್ಯಾನಿನವರೇ ಹೇಳಿದರು. ಖಚಿತವಾಗಿ ತಿಳಿಯಲು ಉಳಿದ ದಾರಿ ಕತ್ತರಿಸುವುದೊಂದೇ. ಕತ್ತರಿಸಿದರೆ ಅದರ ಬದಲಿಗೆ ಹಾಕಲು ಇನ್ನೊಂದು ಹೆಡ್ಡು ಇರಲಿಲ್ಲ. ಉಳಿದವೆಲ್ಲ ಬೇರೆ ಪರೀಕ್ಷೆಗಳಲ್ಲಿ ಖರ್ಚಾಗಿದ್ದವು. ಹೊಸ ಎರಕ ಬರುವಷ್ಟರಲ್ಲಿ ಗಡುವು ದಾಟುತ್ತಿತ್ತು.

ನಮ್ಮ ಬಾಸು ಕೆಟ್ಟ ಮನುಷ್ಯರಲ್ಲ. ಮೀಟಿಂಗಿನಲ್ಲಿ ಮೆತ್ತಗೇ ಹೇಳಿದರು. "ಮೇಡಂ, ಸೋರ್ತಿರೋದು ಮಂಚದ್ದೇ ಇರ್ಬೇಕು. ಹಾಗಂತ ನೀವೊಂದು ಸೈನ್ ಹಾಕಿ. ಮುಂದೆ ಹೋಗೋಣ."

"ನನಗೂ ಹಾಗೇ ಅನ್ಸತ್ತೆ ಸಾರ್."

"ಮತ್ತೇನು?"

"ಅನ್ಸತ್ತೆ ಅಷ್ಟೇ. ಗೊತ್ತಿಲ್ವಲ್ಲ. ಯಾರೋ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ನಂದಿ ಬೆಟ್ಟ ಹತ್ತುತಿರ್ತಾನೆ. ಅರ್ಧ ದಾರೀಲಿ ನೀರು ಖಾಲಿ ಆಗಿ ಎಂಜಿನ್ ಹಿಡ್ಕೊಂಡ್ರೆ, ಅವನಿಗೆ ಹೋಗಿ 'ನನಗೆ ಹಾಗೆ ಅನ್ಸಿತ್ತು ಕಣಪ್ಪಾ' ಅಂತ ಹೇಳ್ಲಾ?"

"ಕತ್ತರಿಸಿದ್ರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು ಸಾರ್. ಎಲ್ಲರಿಗಿಂತ ಚೆನ್ನಾಗಿ ಗೊತ್ತು."

ಹೆಡ್ಡು ಸರಿಯಿದೆ ಎಂದು ಅದರ ಡಿಸೈನರ್ ಸಹಿ ಹಾಕದೆ ಪರೀಕ್ಷೆ ಮುಂದುವರಿಸುವಂತಿಲ್ಲ. ಅದು ನಮ್ಮ ಆಫೀಸಿನ ನಿಯಮ. ಬಾಸು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ತಿರುಗದೆಯೇ, "ಕತ್ತರಿಸಿ" ಎಂದರು.

ಗೆರೆಗಳನ್ನು ಎಳೆದವರು ಮೇಡಮ್ಮೇ. ಬಳೆ ತೆಗೆದು ನನ್ನ ಕೈಗೆ ಕೊಟ್ಟರು, ಲ್ಯಾಬಿನಲ್ಲಿ ಪೆನ್ನಿನ ಲೋಟ ಇರಲಿಲ್ಲವಲ್ಲ. ಗರಗಸ ಹೆಡ್ಡಿನೊಳಗೆ ಇಳಿಯುವ ಸದ್ದನ್ನು ಅವರು ಹತ್ತಿರವೇ ನಿಂತು ಕೇಳಿದರು. ಬಿರುಕು ಹುಡುಕಲು ಲೋಹದ ಮೇಲೆ ಒಂದು ಕೆಂಪು ದ್ರವ ಹಚ್ಚಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕು ಇದ್ದರೆ ಅದರೊಳಗೆ ಉಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಮೊದಲ ಹೋಳಿಗೆ ಸಿಂಪಡಿಸಿ ಕಾದೆವು. ಬಿಳಿ ಹಾಗೇ ಇತ್ತು. ಇನ್ನೊಂದಕ್ಕೆ ಸಿಂಪಡಿಸಿದೆವು. ಅದೂ ಹಾಗೇ ಇತ್ತು. ನಾನು ಜೀವಮಾನದಲ್ಲಿ ಮೊದಲ ಸಲ ಒಂದು ಬಿರುಕು ಸಿಗಲಪ್ಪಾ ಎಂದು ದೇವರನ್ನು ಬೇಡಿಕೊಂಡೆ. ಸಿಕ್ಕಿದ್ದರೆ ಕತ್ತರಿಸಿದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ಎಲ್ಲ ಹೋಳುಗಳೂ ಬಿಳಿಯಾಗಿಯೇ ಉಳಿದವು. "ಏನೂ ಇಲ್ಲ ಮೇಡಂ" ಎಂದ ಲ್ಯಾಬಿನವನು, ತನ್ನದೇ ತಪ್ಪು ಎಂಬ ಹಾಗೆ.

ಮೇಡಂ ಒಂದು ಹೋಳನ್ನು ಕೈಗೆತ್ತಿಕೊಂಡು ಪುಡಿ ಒರೆಸಿದರು. ಅವರ ಮುಖದಲ್ಲಿ ನಾನು ನಿರೀಕ್ಷಿಸಿದ್ದು ಏನೂ ಇರಲಿಲ್ಲ. ಅಲ್ಲಿದ್ದದ್ದು ಸಂತೋಷ. ಸುಳ್ಳಲ್ಲ, ಅಪ್ಪಟ ಸಂತೋಷ.

"ನೋಡ್ರೀ ಇಲ್ಲಿ. ಈ ಗೋಡೆ ನೋಡಿ. ಇಷ್ಟು ತೆಳ್ಳಗಿದ್ರೂ ಎಲ್ಲೂ ಸರಿದಿಲ್ಲ. ಬರೆದ ಹಾಗೇ ಬಂದಿದೆ. ಆಗಲ್ಲ ಅಂದಿದ್ರಲ್ಲ, ಮುಟ್ಟಿ ನೋಡಿ."

ಮುಟ್ಟಿ ನೋಡಿದೆ. ಅಷ್ಟು ಸೊಗಸಾದ ಎರಕವನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಚೆನ್ನಾಗಿದೆ ಮೇಡಂ. ತುಂಬಾ ಚೆನ್ನಾಗಿದೆ. ಈಗ ಇದನ್ನ ತಗೊಂಡು ಏನ್ ಮಾಡೋಣ, ಮಂಗಳಾರತಿ ಮಾಡೋಣ್ವಾ?" ಎಂದೆ. ಅವರು ಹೋಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಹೊರಗೆ ಹೋಗಿ, ಲ್ಯಾಬಿನ ಮೆಟ್ಟಿಲ ಮೇಲೆ ಕೂತು, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಅವರ ಬಳೆಗಳನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಆ ಸಿಟ್ಟು ಈಗಲೂ ನನ್ನಲ್ಲಿ ಸ್ವಲ್ಪ ಉಳಿದಿದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಪ್ರಾಜೆಕ್ಟು ಮುಚ್ಚಿತು. ಪರೀಕ್ಷೆಯ ಮಂಚವನ್ನು ಕಳಚುವಾಗ ನೀರು ತಣಿಸುವ ಭಾಗದ ಒಂದು ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಸಿಕ್ಕಿತು. ತಣ್ಣಗಿದ್ದಾಗ ಸೋರದು, ಕಾದಾಗ ಸೋರುವುದು. ಮೇಡಂ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ವರದಿ ಬರೆದು ಕೊಟ್ಟರು. ಮುಚ್ಚಿದ ಪ್ರಾಜೆಕ್ಟಿನ ವರದಿಯನ್ನು ಯಾರು ಓದುತ್ತಾರೆ? ನಮ್ಮ ಗುಂಪಿನವರು ಅಲ್ಲೊಬ್ಬರು ಇಲ್ಲೊಬ್ಬರು ಚದುರಿಹೋದೆವು. ಜನರ ಬಾಯಲ್ಲಿ ಉಳಿದದ್ದು ಇಷ್ಟೇ: ಹೆಡ್ಡು ಕತ್ತರಿಸಿದರು, ಪ್ರಾಜೆಕ್ಟು ಮುಚ್ಚಿತು. ಅಂದಮೇಲೆ ಹೆಡ್ಡು ಕೆಟ್ಟಿತ್ತು. ಗಾಳಿಮಾತಿಗೆ ಕಾಲಿಲ್ಲದಿದ್ದರೂ ಪುಣೆ, ಚೆನ್ನೈವರೆಗೆ ನಡೆದುಹೋಯಿತು. ಮೇಡಂ ಕೆಲಸಕ್ಕೆ ಅರ್ಜಿ ಹಾಕಿದ್ದ ಒಂದು ಕಂಪನಿಯವರು ನನಗೆ ಫೋನ್ ಮಾಡಿ, "ಅವರ ಹೆಡ್ ಕ್ರ್ಯಾಕ್ ಆಗಿತ್ತಂತಲ್ಲ?" ಎಂದು ಕೇಳಿದರು. ನಾನು ಅವರನ್ನೇ ಕೇಳಿ ಎಂದೆ. ಕೇಳಿದರೆ ಮೇಡಂ ಅಲ್ಲಗಳೆಯಲಿಲ್ಲವಂತೆ, ಆ ಕೆಲಸ ಸಿಗಲಿಲ್ಲ. ಆಮೇಲೆ ಅವರು ಸೋಲದೇವನಹಳ್ಳಿಯ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದರು.

ನಾನು ಅಲ್ಲಿಗೇ ಹೋಗಿ ಜಗಳ ತೆಗೆದೆ. ಕ್ಯಾಂಟೀನಿನಲ್ಲಿ ಚಹಾ ತರಿಸಿದರು.

"ಯಾಕ್ ಮೇಡಂ ಬಾಯಿ ಬಿಡಲ್ಲ? ಹೆಡ್ ಚೆನ್ನಾಗಿತ್ತು ಅಂತ ನೀವು ಹೇಳಿ, ಇಲ್ಲಾಂದ್ರೆ ನಾನು ಹೇಳ್ತೀನಿ."

"ಹೇಳ್ಬೇಡಿ."

"ನಿಮ್ಮ ಹೆಸರು ಹಾಳಾಗ್ತಿದೆ."

"ಸ್ವಲ್ಪ ಯೋಚನೆ ಮಾಡಿ ನೀವೇ. ಬಿರುಕು ಇತ್ತು ಅಂತ ಜನ ಅಂದ್ಕೊಂಡ್ರೆ, ಕತ್ತರಿಸಿದ್ದು ಒಳ್ಳೇದಾಯ್ತು ಅಂತಾರೆ. ಇರ್ಲಿಲ್ಲ ಅಂತ ಗೊತ್ತಾಗ್ಲಿ, ನಾಳೆ ಯಾರಿಗಾದ್ರೂ ಅನುಮಾನ ಬಂದು ಕತ್ತರಿಸ್ಬೇಕು ಅಂದಾಗ, 'ಆ ಮೇಡಂ ಕಥೆ ಗೊತ್ತಲ್ಲ, ಸುಮ್ನಿರಿ' ಅಂತ ಬಾಯಿ ಮುಚ್ಚಿಸ್ತಾರೆ. ಆಮೇಲೆ ಯಾರೂ ಕತ್ತರಿಸಲ್ಲ ಕಣ್ರೀ."

"ಮನೇಲಾದ್ರೂ ಹೇಳಿದೀರಾ?"

ಅವರು ಚಹಾ ಲೋಟವನ್ನು ತಿರುಗಿಸುತ್ತ ಕೂತರು. "ನಮ್ಮ ಯಜಮಾನ್ರಿಗೆ ನನ್ನ ಕೆಲಸ ಅಂದ್ರೆ ಎಷ್ಟು ಜಂಬ ನಿಮಗೆ ಗೊತ್ತಲ್ಲ. ಹೇಳಿದ್ರೆ ಅದು ಮನೇಲಿ ನಿಲ್ಲಲ್ಲ. ನೀವು ನನಗೆ ಮಾತು ಕೊಡಿ."

ಕೊಟ್ಟೆ. ಮನಸ್ಸಿಲ್ಲದ ಮನಸ್ಸಿನಿಂದ, ಆದರೆ ಕೊಟ್ಟೆ. ಅವರು ಬದುಕಿರುವವರೆಗೆ ಮುರಿಯಲಿಲ್ಲ.

ಮಣ್ಣಿನ ದಿನ ಖಬರಸ್ತಾನದಲ್ಲಿ ಜನ ಬಹಳ. ಎಲ್ಲರ ಜೊತೆ ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದೆ. ಅಂದು ಅವರ ಮನೆಯ ಯಜಮಾನರ, ಅಂದರೆ ಗಂಡನ, ಜೊತೆ ಮಾತಾಡಲಾಗಲಿಲ್ಲ. ಮೂರನೆಯ ದಿನದ ಜಿಯಾರತ್ ಪ್ರಾರ್ಥನೆಗೆ ಆರ್.ಟಿ. ನಗರದ ಮನೆಗೆ ಹೋದೆ. ಯಜಮಾನರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮೊದಲೆಲ್ಲ ನನ್ನನ್ನು ಕಂಡರೆ, "ನಮ್ಮ ಮೇಡಂ ಇವತ್ತು ಏನ್ ಕಂಡುಹಿಡಿದ್ರು ಸಾರ್?" ಎಂದು ಕೇಳದೆ ಬಿಡುತ್ತಿರಲಿಲ್ಲ. ಕೆಲವು ವರ್ಷಗಳಿಂದ ಅದು ನಿಂತುಹೋಗಿತ್ತು. ಹವಾ, ಆರೋಗ್ಯ, ತಣಿಸಂದ್ರದಲ್ಲಿರುವ ಮಗಳ ಸಂಸಾರ, ಇಷ್ಟರಲ್ಲೇ ಮಾತು ಮುಗಿಸುತ್ತಿದ್ದರು.

ದುವಾ ಮುಗಿದು ಜನ ಕರಗಿದ ಮೇಲೆ ಅವರು ನನ್ನನ್ನು ಗೇಟಿನ ಹತ್ತಿರ ಕರೆದುಕೊಂಡು ಹೋದರು. ಹೇಗೆ ಶುರುಮಾಡುವುದೆಂದು ತಿಳಿಯದೆ ಗೇಟಿನ ಚಿಲಕ ಹಾಕಿದರು, ತೆಗೆದರು.

"ಸಾರ್, ನೀವು ಅವಳ ಜೊತೆ ಇದ್ದೋರು. ಒಂದು ಮಾತು ಕೇಳ್ಲಾ?"

"ಕೇಳಿ ಸಾರ್."

"ಆ ಎಂಜಿನ್ ನಿಂತುಹೋಯ್ತಲ್ಲ. ನನ್ನ ತಂಗಿ ಮಗ ಅದೇ ಲೈನಿನಲ್ಲಿದಾನೆ, ಅವನು ಹೇಳ್ದ, ಅತ್ತೆ ಮಾಡಿದ್ದು ಒಡೆದುಹೋಯ್ತಂತೆ ಅಂತ. ಅವಳು ಏನೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ, ಅವಳಿಗೆ ನೋವಾಗುತ್ತೆ ಅಂತ. ತಪ್ಪಾಗಿದ್ರೆ ಆಗ್ಲಿ ಬಿಡು, ನನಗೇನಿಲ್ಲ ಅಂತ ಒಂದು ಮಾತು ಹೇಳ್ಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂತು. ಹೇಳ್ಲಿಲ್ಲ." ಚಿಲಕದಿಂದ ಕೈ ತೆಗೆದರು. "ಅವಳದ್ದು ತಪ್ಪಿತ್ತಾ ಸಾರ್?"

ಸತ್ತವರಿಗೆ ಕೊಟ್ಟ ಮಾತು ದೊಡ್ಡದು ಎನ್ನುತ್ತಾರೆ. ಇರಬಹುದು. ನನ್ನ ಮುಂದೆ ನಿಂತಿದ್ದ ಮನುಷ್ಯ ಬದುಕಿದ್ದ. ಇಷ್ಟು ವರ್ಷ ಹೆಂಡತಿಯನ್ನು ಮನಸ್ಸಿನಲ್ಲೇ ಕ್ಷಮಿಸುತ್ತ ಬಂದಿದ್ದ, ಅವಳು ಮಾಡದೇ ಇದ್ದ ತಪ್ಪಿಗೆ.

"ಇಲ್ಲ ಸಾರ್. ಏನೇನೂ ತಪ್ಪಿರ್ಲಿಲ್ಲ. ಕತ್ತರಿಸಿದಾಗ ನಾನೇ ಪಕ್ಕದಲ್ಲಿ ನಿಂತು ನೋಡಿದೀನಿ. ಅಂಥ ಹೆಡ್ ಇನ್ನೊಂದು ನಾನು ನೋಡಿಲ್ಲ."

"ಮತ್ತೆ ಯಾಕೆ..."

ಎಲ್ಲವನ್ನೂ ಹೇಳಿದೆ. ಕಡಿಮೆಯಾದ ನೀರು, ಅವರು ಹಾಕದ ಸಹಿ, ಬಿಳಿಯಾಗಿಯೇ ಉಳಿದ ಹೋಳುಗಳು, ಕಾಲೇಜಿನ ಕ್ಯಾಂಟೀನಿನಲ್ಲಿ ನನ್ನಿಂದ ತೆಗೆದುಕೊಂಡ ಮಾತು. ಯಜಮಾನರು ಗೇಟು ಹಿಡಿದುಕೊಂಡು ಕೇಳಿದರು. ಮುಗಿದ ಮೇಲೆ ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡರು. ಆಮೇಲೆ ಮನೆಯ ಕಡೆ ತಿರುಗಿ ಮಗಳನ್ನು ಕೂಗಿದರು. ಅವಳು ಬಂದಳು.

"ಇವಳಿಗೂ ಹೇಳಿ ಸಾರ್."

ಮತ್ತೆ ಮೊದಲಿನಿಂದ ಹೇಳಿದೆ. ಮಗಳು ಅರ್ಧಕ್ಕೇ ಅಳತೊಡಗಿದಳು. ಅಷ್ಟರಲ್ಲಿ ಗೇಟಿನ ಹೊರಗೆ ಒಂದು ಆಟೋ ನಿಂತು, ಅದರಿಂದ ಯಾರೋ ದೂರದ ಬಂಧು, ವಯಸ್ಸಾದ ಗಂಡ ಹೆಂಡತಿ, ಇಳಿದರು. ಆ ಹಿರಿಯರು ಯಜಮಾನರ ಎರಡೂ ಕೈ ಹಿಡಿದುಕೊಂಡು ಸಮಾಧಾನದ ಮಾತು ಶುರುಮಾಡುವ ಮೊದಲೇ ಇವರು ಹೇಳಿದರು:

"ನನ್ನ ಹೆಂಡ್ತಿ ಮಾಡಿದ ಹೆಡ್‌ನಲ್ಲಿ ಬಿರುಕಿನ ಒಂದು ಗೆರೇನೂ ಇರ್ಲಿಲ್ಲ. ನಿಮಗೆ ಗೊತ್ತಾ?"

ಹಿರಿಯರಿಗೆ ಏನೂ ಅರ್ಥವಾಗಲಿಲ್ಲ. ದುಃಖದಲ್ಲಿ ಏನೋ ಹೇಳುತ್ತಿದ್ದಾರೆ ಎಂದುಕೊಂಡು ತಲೆಯಾಡಿಸಿದರು. ಯಜಮಾನರು ಅವರ ಕೈ ಬಿಡಲಿಲ್ಲ. ಈ ಸಲ ದಖನಿಯಲ್ಲಿ, ಇನ್ನೂ ಜೋರಾಗಿ, ಮೊದಲಿನಿಂದ ಹೇಳತೊಡಗಿದರು.